ಯುದ್ಧದಲ್ಲಿ ಕಂಡದ್ದೆಷ್ಟು, ತೋರಿಸಿದ್ದೆಷ್ಟು?

2022ರ ಫೆಬ್ರವರಿಯಲ್ಲಿ ಉಕ್ರೇನಿನ ಗಡಿಯುದ್ದಕ್ಕೂ ರಷ್ಯಾದ ಒಂದೂವರೆ ಲಕ್ಷಕ್ಕೂ ಜಾಸ್ತಿ ಸೈನಿಕರು ಬಂದು ಕೂತಿದ್ದರು. ದಾಳಿ ಆಗಿಯೇ ಆಗುತ್ತದೆ ಅಂತ ಅಮೆರಿಕದ ಬೇಹುಗಾರರು ಮುಂಚೆಯೇ ಹೇಳಿದ್ದರು. ಅವರ ಮಾತು ನಿಜವಾಯಿತು. ದಾಳಿಯಾದರೆ ರಾಜಧಾನಿ ಕೀವ್ 72 ಗಂಟೆಯಲ್ಲಿ ಬಿದ್ದುಹೋಗಬಹುದು ಎಂಬ ಅಂದಾಜೂ ಅದೇ ಕಡೆಯಿಂದ ಬಂದಿತ್ತು. ಅದು ಪೂರ್ತಿ ತಪ್ಪಾಯಿತು. ಉಪಗ್ರಹಗಳು ಅವೇ, ಕದ್ದು ಕೇಳಿಸಿಕೊಂಡ ಮಾತುಕತೆಗಳು ಅವೇ, ಪರಿಣತರೂ ಅವರೇ. ಒಂದು ಪ್ರಶ್ನೆಗೆ ಸರಿ ಉತ್ತರ ಕೊಟ್ಟವರು ಇನ್ನೊಂದರಲ್ಲಿ ಇಷ್ಟು ಎಡವಿದ್ದು ಯಾಕೆ?

ಟ್ಯಾಂಕುಗಳನ್ನು ಮೇಲಿನಿಂದ ಎಣಿಸಬಹುದು. ಆ ಟ್ಯಾಂಕಿಗೆ ನಾಳೆ ಡೀಸೆಲ್ ತರಬೇಕಾದ ಲಾರಿಯ ಟೈರ್ ಹೇಗಿದೆ? ಅದರ ಚಾಲಕನಿಗೆ ತಾನು ಹೊರಟಿರುವುದು ಯುದ್ಧಕ್ಕೆ ಅಂತ ಯಾರಾದರೂ ಹೇಳಿದ್ದಾರಾ? ಎದುರಿಗಿರುವ ಊರಿನವರು ಓಡುತ್ತಾರಾ, ನಿಲ್ಲುತ್ತಾರಾ? ಇದು ಯಾವ ಉಪಗ್ರಹಕ್ಕೂ ಕಾಣುವುದಿಲ್ಲ. ದಾಳಿಯ ಮೊದಲ ದಿನವೇ, ಫೆಬ್ರವರಿ 24ರಂದು, ರಷ್ಯಾದ ಪ್ಯಾರಾಟ್ರೂಪರ್‌ಗಳು ಹೆಲಿಕಾಪ್ಟರ್‌ಗಳಲ್ಲಿ ಬಂದು ಕೀವ್ ಪಕ್ಕದ ಹೋಸ್ಟೊಮೆಲ್ ವಿಮಾನ ನಿಲ್ದಾಣದಲ್ಲಿ ಇಳಿದರು. ಹಿಂದೆಯೇ ದೊಡ್ಡ ಸಾಗಣೆ ವಿಮಾನಗಳು ಬಂದು ಇನ್ನಷ್ಟು ಪಡೆಗಳನ್ನು ಇಳಿಸಬೇಕಿತ್ತು. ಉಕ್ರೇನಿನವರು ತಿರುಗಿಬಿದ್ದರು. ನಿಲ್ದಾಣದ ಮೇಲೆ ಫಿರಂಗಿ ದಾಳಿ ಮಾಡಿದರು. ಆ ವಿಮಾನಗಳು ಬರಲೇ ಇಲ್ಲ.

ಅದಾಗಿ ಕೆಲವೇ ದಿನಕ್ಕೆ ಮ್ಯಾಕ್ಸರ್ ಕಂಪನಿಯ ಉಪಗ್ರಹ ಚಿತ್ರಗಳು ಬಂದವು. ಕೀವ್‌ನ ಉತ್ತರಕ್ಕೆ ಸುಮಾರು 64 ಕಿಲೋಮೀಟರ್ ಉದ್ದದ ರಷ್ಯನ್ ವಾಹನಗಳ ಸಾಲು. ನೋಡಿದವರಿಗೆ ಎದೆ ಝಲ್ ಅಂದಿತು. ಇಷ್ಟು ದೊಡ್ಡ ಪಡೆ ಬಂದರೆ ಇನ್ನೇನು ಉಳಿದೀತು ಅನ್ನಿಸಿದ್ದು ಸಹಜವೇ. ಆದರೆ ಒಂದೇ ಚಿತ್ರದ ಬದಲು ದಿನ ಬಿಟ್ಟು ದಿನದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕಾಣುತ್ತಿದ್ದದ್ದೇ ಬೇರೆ. ಸಾಲು ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ಹಿಮ ಕರಗಿ ಹೊಲವೆಲ್ಲ ಕೆಸರಾಗುವ ಕಾಲ ಅದು. ಹಾಗಾಗಿ ವಾಹನಗಳು ರಸ್ತೆ ಬಿಟ್ಟು ಇಳಿಯುವಂತಿರಲಿಲ್ಲ. ಮುಂದಿನ ವಾಹನಕ್ಕೆ ಪೆಟ್ಟು ಬಿದ್ದರೆ ಹಿಂದಿನದೆಲ್ಲ ನಿಂತೇಬಿಡುತ್ತಿತ್ತು. ಇಂಧನ, ಊಟ ಎರಡಕ್ಕೂ ತತ್ವಾರ. ಏಪ್ರಿಲ್ ಮೊದಲ ವಾರದ ಹೊತ್ತಿಗೆ ರಷ್ಯಾ ಕೀವ್ ಸುತ್ತಮುತ್ತಲಿನಿಂದ ಕಾಲ್ತೆಗೆದಿತ್ತು.

ಆಮೇಲೆ ಲೋಲಕ ಇನ್ನೊಂದು ತುದಿಗೆ ಹೋಯಿತು. ರಷ್ಯಾದ ಸೇನೆ ಬರೀ ಪೊಳ್ಳು, ಇನ್ನೊಂದು ದೂಡಿದರೆ ಕುಸಿಯುತ್ತದೆ ಅಂತ ಬರೆದವರು ಬಹಳ ಜನ. 2023ರ ಜೂನ್‌ನಲ್ಲಿ ಉಕ್ರೇನ್ ದಕ್ಷಿಣದ ಝಪೊರಿಝಿಯಾ ಕಡೆ ದೊಡ್ಡ ಪ್ರತಿದಾಳಿ ಶುರುಮಾಡಿತು. ರಷ್ಯಾ ಹಿಡಿದಿದ್ದ ಮೆಲಿಟೊಪೋಲ್ ನಗರದ ತನಕ ತಲುಪಬೇಕೆಂಬ ಆಸೆ ಇತ್ತು. ತಿಂಗಳುಗಟ್ಟಲೆ ಹೋರಾಡಿದ ಮೇಲೆ ಕೈಗೆ ಬಂದದ್ದು ರೊಬೊಟಿನೆ ಎಂಬ ಪುಟ್ಟ ಹಳ್ಳಿ ಮತ್ತು ಅಕ್ಕಪಕ್ಕದ ಒಂದಿಷ್ಟು ನೆಲ. ನೆಲಬಾಂಬುಗಳ ದಟ್ಟ ಪಟ್ಟಿಗಳು, ಅವುಗಳ ಹಿಂದೆ ಕಂದಕ, ಮೇಲೆ ಹೆಲಿಕಾಪ್ಟರ್ ಮತ್ತು ಡ್ರೋನ್. ಕೀವ್ ದಾರಿಯಲ್ಲಿ ತಡವರಿಸಿದ ಸೇನೆಯೇ ಇಲ್ಲಿ ಗುಂಡಿ ತೋಡಿ ಗಟ್ಟಿಯಾಗಿ ಕೂತಿತ್ತು. ಒಂದು ಸೇನೆಯನ್ನು ಒಂದೇ ಅಂಕಿಯಲ್ಲಿ ಅಳೆಯಲು ಆಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ದಾಳಿ ಮಾಡುವುದು ಒಂದು ಕೆಲಸ, ಹಿಡಿದ ನೆಲ ಕಾಯುವುದು ಬೇರೆಯೇ ಕೆಲಸ.

ಗೆಲುವು ಅಂದರೆ ಏನು ಅನ್ನುವುದೂ ಸುಲಭದ ಪ್ರಶ್ನೆಯಲ್ಲ. ಬಖ್ಮುತ್ ನೋಡಿ. ಯುದ್ಧಕ್ಕೆ ಮುಂಚೆ ಸುಮಾರು 70 ಸಾವಿರ ಜನ ಇದ್ದ ಊರು. 2023ರ ಮೇ ತಿಂಗಳಲ್ಲಿ ಅದು ರಷ್ಯಾದ ವಶವಾಯಿತು. ಅದನ್ನು ಗೆಲ್ಲಲು ತನ್ನ 20 ಸಾವಿರ ಜನ ಸತ್ತರು ಅಂತ ರಷ್ಯಾದ ಪರ ಕಾದಾಡಿದ ವ್ಯಾಗ್ನರ್ ಎಂಬ ಖಾಸಗಿ ಪಡೆಯ ಮುಖ್ಯಸ್ಥ ಪ್ರಿಗೊಝಿನ್ ತಾನೇ ಹೇಳಿದ. ನಕ್ಷೆಯಲ್ಲಿ ಬಣ್ಣ ಬದಲಾಯಿತು, ನಿಜ. ಆದರೆ ಏನು ಗುರಿ ಇತ್ತು, ಎಷ್ಟು ಕಾಲ ಹಿಡಿಯಿತು, ಎಷ್ಟು ಜೀವ ಹೋಯಿತು, ಆಮೇಲೆ ಮುಂದಿನ ಊರಿಗೆ ಹೋಗುವ ಶಕ್ತಿ ಉಳಿಯಿತಾ ಎಂದು ಕೇಳದೆ ಬಣ್ಣವನ್ನಷ್ಟೇ ನೋಡಿದರೆ ಏನೂ ತಿಳಿಯುವುದಿಲ್ಲ.

ಇನ್ನು ನಮ್ಮ ಫೋನಿಗೆ ಬಂದು ಬೀಳುವ ವಿಡಿಯೊಗಳ ವಿಷಯ. ಒಂದು ಡ್ರೋನ್ ಹಾರುತ್ತದೆ, ಟ್ಯಾಂಕಿನ ಹತ್ತಿರ ಹೋಗುತ್ತದೆ, ಪರದೆ ಕಪ್ಪಾಗುತ್ತದೆ. ಮರುಕ್ಷಣ ಇನ್ನೊಂದು ಕ್ಯಾಮೆರಾದಲ್ಲಿ ಬೆಂಕಿ. ಇಂಥ ನೂರು ವಿಡಿಯೊ ನೋಡಿದ ಮೇಲೆ ಡ್ರೋನ್ ಹಾರಿಸಿದರೆ ಗುರಿ ತಪ್ಪುವುದೇ ಇಲ್ಲ ಅನ್ನಿಸುತ್ತದೆ, ಅಲ್ವಾ? ಸಿಗ್ನಲ್ ಜಾಮ್ ಆಗಿ ದಾರಿಯಲ್ಲೇ ಬಿದ್ದದ್ದು, ಮರಕ್ಕೆ ಸಿಕ್ಕಿಹಾಕಿಕೊಂಡದ್ದು, ಹೊಡೆದರೂ ಸ್ಫೋಟ ಆಗದೆ ಉಳಿದದ್ದು ಎಷ್ಟೋ ಇರುತ್ತವೆ. ಅವುಗಳನ್ನು ಯಾರೂ ಹಂಚುವುದಿಲ್ಲ. ಸಂಖ್ಯಾಶಾಸ್ತ್ರದ ಭಾಷೆಯಲ್ಲಿ ಇದು ಆಯ್ಕೆಯ ದೋಷ. ನೋಡಿದ ಒಂದೊಂದು ವಿಡಿಯೊವೂ ನಿಜವೇ ಆಗಿರಬಹುದು. ಅವೆಲ್ಲ ಸೇರಿ ಕೊಡುವ ಚಿತ್ರ ಸುಳ್ಳಾಗಿರಬಹುದು. 2023ರ ಜೂನ್‌ನಲ್ಲಿ ಮಾಲಾ ಟೋಕ್ಮಚ್ಕಾ ಹತ್ತಿರ ನೆಲಬಾಂಬಿನ ಹೊಲದಲ್ಲಿ ಸಿಕ್ಕಿಬಿದ್ದ ಉಕ್ರೇನಿನ ಲೆಪರ್ಡ್ ಟ್ಯಾಂಕು ಮತ್ತು ಬ್ರ್ಯಾಡ್ಲಿ ಯುದ್ಧವಾಹನಗಳ ಒಂದೇ ಗುಂಪನ್ನು ಬೇರೆಬೇರೆ ಕೋನದಿಂದ ಮತ್ತೆಮತ್ತೆ ತೋರಿಸಲಾಯಿತು. ಸುಮ್ನೆ ನೋಡುತ್ತಾ ಹೋದವರಿಗೆ ದಿನಾ ಹೊಸ ಗುಂಪೊಂದು ನಾಶವಾಗುತ್ತಿದೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಎರಡೂ ಕಡೆಯವರು ಈ ಕೆಲಸ ಮಾಡುತ್ತಾರೆ. ದಾಳಿಯ ಮೊದಲ ದಿನಗಳಲ್ಲಿ 'ಕೀವ್‌ನ ಭೂತ' ಎಂಬ ಉಕ್ರೇನಿನ ಪೈಲಟ್ ರಷ್ಯಾದ ವಿಮಾನಗಳನ್ನು ಒಂದರ ಮೇಲೊಂದು ಉರುಳಿಸುತ್ತಿದ್ದಾನೆ ಅಂತ ವಿಡಿಯೊ ಹರಿದಾಡಿತು. ಅದು ಕಂಪ್ಯೂಟರ್ ಆಟದ ತುಣುಕು. ಅಂಥ ಒಬ್ಬ ವ್ಯಕ್ತಿ ಇಲ್ಲ, ಅದು ಜನ ಕಟ್ಟಿದ ವೀರಗಾಥೆ ಅಂತ ಏಪ್ರಿಲ್ ಕೊನೆಗೆ ಉಕ್ರೇನಿನ ವಾಯುಸೇನೆಯೇ ಒಪ್ಪಿಕೊಂಡಿತು. ಕಪ್ಪು ಸಮುದ್ರದ ಹಾವಿನ ದ್ವೀಪದ ಕಾವಲುಗಾರರೆಲ್ಲ ಹುತಾತ್ಮರಾದರು ಅಂತ ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿ ಸಾರಿದ್ದರು. ಕೆಲವೇ ದಿನಕ್ಕೆ ಆ ಕಾವಲುಗಾರರು ಬದುಕಿದ್ದಾರೆ, ರಷ್ಯಾದ ಸೆರೆಯಲ್ಲಿದ್ದಾರೆ ಅಂತ ಗೊತ್ತಾಯಿತು. ರಷ್ಯಾದಲ್ಲಿ ಕಥೆ ಇನ್ನೂ ಕಠೋರ. ಸೇನೆಯ ಬಗ್ಗೆ 'ಸುಳ್ಳು ಮಾಹಿತಿ' ಹರಡಿದರೆ 15 ವರ್ಷದವರೆಗೆ ಜೈಲು ಎಂಬ ಕಾನೂನು 2022ರ ಮಾರ್ಚ್ 4ರಂದೇ ಜಾರಿಗೆ ಬಂತು. ಒಂದು ಕಡೆಯದು ಹುರಿದುಂಬಿಸುವ ಉತ್ಪ್ರೇಕ್ಷೆ, ಇನ್ನೊಂದು ಕಡೆಯದು ಬಾಯಿ ಮುಚ್ಚಿಸುವ ಕಾನೂನು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲು ನಾನು ತಯಾರಿಲ್ಲ. ಆದರೂ ಲೆಕ್ಕ ಹಾಕಲು ಕೂತವರು ಎರಡನ್ನೂ ಜರಡಿ ಹಿಡಿಯಲೇಬೇಕು.

ಸುಳ್ಳಿಗೆ ಕಾಲು ಜೋರು ಅನ್ನುವುದಕ್ಕೆ ಪುರಾವೆಯೂ ಇದೆ. ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. 1,500 ಜನರನ್ನು ತಲುಪಲು ನಿಜ ಸುದ್ದಿಗೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಹೆಚ್ಚು ಸಮಯ ಬೇಕಾಗಿತ್ತು. ಅದನ್ನು ಹಬ್ಬಿಸಿದ್ದು ಮುಖ್ಯವಾಗಿ ಯಂತ್ರಗಳಲ್ಲ, ಮನುಷ್ಯರೇ.

ಮಾಹಿತಿ ಯುದ್ಧ ಅಂದರೆ ಬರೀ ಸುಳ್ಳು ಹೇಳುವುದು ಅಂದುಕೊಂಡರೆ ಅದರ ಮುಖ್ಯ ಭಾಗವೇ ಕೈತಪ್ಪುತ್ತದೆ. 2022ರ ಜುಲೈ, ಆಗಸ್ಟ್‌ನಲ್ಲಿ ಉಕ್ರೇನ್ ದಕ್ಷಿಣದ ಖೆರ್ಸಾನ್ ಮೇಲೆ ದಾಳಿ ಮಾಡುವುದಾಗಿ ವಾರಗಟ್ಟಲೆ ಬಹಿರಂಗವಾಗಿಯೇ ಹೇಳಿತು. ರಷ್ಯಾ ತನ್ನ ಒಳ್ಳೊಳ್ಳೆ ಪಡೆಗಳನ್ನು ಅತ್ತ ಕಳಿಸಿತು. ಸೆಪ್ಟೆಂಬರ್ 6ರಂದು ಉಕ್ರೇನ್ ಈಶಾನ್ಯದ ಖಾರ್ಕಿವ್ ಕಡೆಯಿಂದ ನುಗ್ಗಿತು. ಅಲ್ಲಿನ ಕಾವಲು ತೆಳ್ಳಗಾಗಿತ್ತು. ಒಂದು ವಾರದೊಳಗೆ ಕುಪಿಯಾನ್ಸ್ಕ್ ಮತ್ತು ಇಝಿಯಂ ಕೈಬದಲಾದವು. ಇದರಲ್ಲಿ ಗಮನಿಸಬೇಕಾದ್ದು ಏನೆಂದರೆ, ಖೆರ್ಸಾನ್ ಮಾತು ಸುಳ್ಳಾಗಿರಲಿಲ್ಲ. ಅಲ್ಲೂ ನಿಜವಾಗಿ ದಾಳಿ ನಡೆಯಿತು. ನವೆಂಬರ್ 11ರಂದು ಆ ನಗರವೂ ಉಕ್ರೇನಿಗೆ ಸಿಕ್ಕಿತು. ಶತ್ರುವಿನ ಕಣ್ಣು ಎತ್ತ ನೋಡಬೇಕು ಅಂತ ತೀರ್ಮಾನಿಸುವುದಕ್ಕೆ ನಿಜವನ್ನೇ ಬಳಸಿದ್ದರು.

ಹಾಗಾದರೆ ನಂಬುವುದು ಯಾವುದನ್ನು? ನಮಗೆ ತೋರಿಸಬೇಕೆಂದು ಯಾರೂ ಮಾಡದ ಗುರುತುಗಳನ್ನು ಹುಡುಕಬೇಕು ಎಂಬುದು ನನ್ನ ಉತ್ತರ. ನಾಸಾದ ಒಂದು ವ್ಯವಸ್ಥೆ ಇದೆ, ಕಾಡ್ಗಿಚ್ಚು ಪತ್ತೆ ಮಾಡಲು ಕಟ್ಟಿದ್ದು. ಉಪಗ್ರಹಗಳು ನೆಲದ ಶಾಖ ಅಳೆದು ಎಲ್ಲಿ ಬೆಂಕಿ ಇದೆ ಅಂತ ದಿನವೂ ಗುರುತು ಹಾಕುತ್ತವೆ. ಶೆಲ್ ಬಿದ್ದು ಹೊತ್ತಿದ ಬೆಂಕಿಯೂ ಅದರಲ್ಲಿ ಸಿಗುತ್ತದೆ. ಮೋಡ ಮುಚ್ಚಿದರೆ ಏನೂ ಕಾಣುವುದಿಲ್ಲ, ರೈತರು ಹೊಲದ ಕೂಳೆ ಸುಟ್ಟರೂ ಚುಕ್ಕೆ ಬೀಳುತ್ತದೆ. ಆದರೂ ಯಾವ ಸೇನಾ ವಕ್ತಾರನ ಅಪ್ಪಣೆಯೂ ಇಲ್ಲದೆ ಕಾದಾಟ ಎಲ್ಲಿ ಜೋರಾಗಿದೆ ಅಂತ ಅದು ಹೇಳುತ್ತದೆ.

ಕೀವ್ ಪಕ್ಕದ ಬುಚಾ ಎಂಬ ಊರಿನಲ್ಲಿ ಇಂಥದ್ದೇ ಒಂದು ಗುರುತು ಸತ್ತವರ ಪರವಾಗಿ ಸಾಕ್ಷಿ ಹೇಳಿತು. 2022ರ ಏಪ್ರಿಲ್ ಆರಂಭದಲ್ಲಿ ಆ ಊರಿನ ಯಾಬ್ಲುನ್ಸ್ಕಾ ಬೀದಿಯಲ್ಲಿ ಬಿದ್ದಿದ್ದ ಹೆಣಗಳ ವಿಡಿಯೊ ಹೊರಬಂತು. ನಮ್ಮ ಸೈನಿಕರು ಮಾರ್ಚ್ 30ಕ್ಕೇ ಹೊರಟಿದ್ದರು, ಇದೆಲ್ಲ ಆಮೇಲೆ ಕಟ್ಟಿದ ನಾಟಕ ಅಂತ ರಷ್ಯಾ ಹೇಳಿತು. ವಿಡಿಯೊದಲ್ಲಿ ಕಾಣುವ ಕಂಬ, ಬೇಲಿ, ರಸ್ತೆ ತಿರುವುಗಳನ್ನು ಪರಿಶೀಲಕರು ಉಪಗ್ರಹ ಚಿತ್ರದ ಜೊತೆ ತಾಳೆ ನೋಡಿದರು. ಹೆಣಗಳು ಬಿದ್ದಿದ್ದ ಜಾಗಗಳಲ್ಲೇ ಮನುಷ್ಯನ ಅಳತೆಯ ಕಪ್ಪು ಆಕಾರಗಳು ಮಾರ್ಚ್ ಮಧ್ಯದ ಚಿತ್ರಗಳಲ್ಲಿ ಇದ್ದವು. ಆಗ ಆ ಬೀದಿ ರಷ್ಯಾದ ಸೈನಿಕರ ಕೈಯಲ್ಲಿತ್ತು.

ಓರಿಕ್ಸ್ ಎಂಬ ಸಣ್ಣ ತಂಡ ನಾಶವಾದ, ಎದುರಾಳಿಯ ಕೈಗೆ ಸಿಕ್ಕ ಟ್ಯಾಂಕು, ಟ್ರಕ್ಕುಗಳ ಪಟ್ಟಿ ಮಾಡಿತು. ಅವರ ನಿಯಮ ಒಂದೇ: ಫೋಟೋ ಇಲ್ಲದೆ ಲೆಕ್ಕಕ್ಕಿಲ್ಲ. ಒಂದೇ ಟ್ಯಾಂಕನ್ನು ಎರಡು ಸಲ ಎಣಿಸದಂತೆ ಸುಟ್ಟ ಕಲೆ, ಹಿಂದಿನ ಮರಗಳು, ಮೈಮೇಲಿನ ಸಂಖ್ಯೆ ಎಲ್ಲ ಹೋಲಿಸುತ್ತಾರೆ. 2022ರ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಈ ಪಟ್ಟಿಯಲ್ಲಿ ರಷ್ಯಾದ ಟ್ಯಾಂಕುಗಳೇ ಸಾವಿರ ದಾಟಿದ್ದವು. ಇದು ಕನಿಷ್ಠ ಲೆಕ್ಕ. ಫೋಟೋ ತೆಗೆಯುವುದು ಸಾಮಾನ್ಯವಾಗಿ ಕೊನೆಗೆ ಆ ನೆಲದಲ್ಲಿ ಉಳಿದವರು. ಹಾಗಾಗಿ ಹಿಂದೆ ಸರಿದವರ ನಷ್ಟ ಜಾಸ್ತಿ ಕಾಣುತ್ತದೆ, ದೂರದ ಹಿಂಬದಿಯಲ್ಲಿ ಆದದ್ದು ಮುಚ್ಚಿಹೋಗುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಸತ್ತವರ ಲೆಕ್ಕ. ರಷ್ಯಾದ ರಕ್ಷಣಾ ಇಲಾಖೆ 2022ರ ಮಾರ್ಚ್‌ನಲ್ಲಿ 1,351 ಅಂದಿತು, ಸೆಪ್ಟೆಂಬರ್‌ನಲ್ಲಿ 5,937 ಅಂದಿತು. ಉಕ್ರೇನ್ ಹೇಳುತ್ತಿದ್ದ ಅಂಕಿ ಇದರ ಎಷ್ಟೋ ಪಟ್ಟು. ಮೀಡಿಯಾಜೋನಾ ಮತ್ತು ಮೆಡುಝಾ ಎಂಬ ಎರಡು ಸ್ವತಂತ್ರ ರಷ್ಯನ್ ಸುದ್ದಿ ಸಂಸ್ಥೆಗಳು ಸಂಖ್ಯಾಶಾಸ್ತ್ರಜ್ಞ ಡಿಮಿಟ್ರಿ ಕೊಬಾಕ್ ಜೊತೆ ಸೇರಿ 2023ರಲ್ಲಿ ಬೇರೆ ದಾರಿ ಹಿಡಿದವು. ರಷ್ಯಾದಲ್ಲಿ ಯಾರಾದರೂ ಸತ್ತರೆ ಆಸ್ತಿಗಾಗಿ ಮನೆಯವರು ನೋಟರಿ ಹತ್ತಿರ ವಾರಸು ಅರ್ಜಿ ಹಾಕುತ್ತಾರೆ. ಸತ್ತವರ ಹೆಸರು, ಹುಟ್ಟಿದ ದಿನ, ಸತ್ತ ದಿನ ದಾಖಲೆಯಲ್ಲಿ ಸೇರುತ್ತವೆ. ಅದನ್ನು ಯಾರು ಬೇಕಾದರೂ ಹುಡುಕಬಹುದಿತ್ತು. ಯುದ್ಧದ ಸಾವು ಮುಚ್ಚಿಡಬೇಕೆಂದು ಕೂತವರಿಗೆ ಫ್ಲಾಟು, ಕಾರಿನ ಕಾಗದಪತ್ರದ ನೆನಪು ಬಂದಿರಲಿಲ್ಲ.

ಆದರೆ ಆ ದಾಖಲೆಯಲ್ಲಿ ಸಾವಿನ ಕಾರಣ ಇರುವುದಿಲ್ಲ. ಕೋವಿಡ್‌ನಲ್ಲಿ ಸತ್ತವರೂ ಅಪಘಾತದಲ್ಲಿ ಸತ್ತವರೂ ಅಲ್ಲೇ ಇದ್ದಾರೆ. ಯುದ್ಧದಲ್ಲಿ ಸತ್ತವರನ್ನು ಬೇರ್ಪಡಿಸುವುದು ಹೇಗೆ? ಗಂಡಸರನ್ನು ಹೆಂಗಸರ ಜೊತೆ ಹೋಲಿಸಿದರು. ಒಂದೇ ವಯಸ್ಸಿನ ಗಂಡಸರ ಮತ್ತು ಹೆಂಗಸರ ಸಾವುಗಳ ನಡುವಿನ ಅನುಪಾತ ಶಾಂತಿಯ ಕಾಲದಲ್ಲಿ ಹೆಚ್ಚೂಕಡಿಮೆ ಸ್ಥಿರ. ಸಾಂಕ್ರಾಮಿಕ ಬಂದರೆ ಇಬ್ಬರೂ ಸಾಯುತ್ತಾರೆ. ಯುದ್ಧ ಬಂದರೆ ಬಹುಪಾಲು ಗಂಡಸರೇ. 2022ರ ಫೆಬ್ರವರಿಯ ನಂತರ 50 ವರ್ಷದೊಳಗಿನ ಗಂಡಸರ ವಾರಸು ಪ್ರಕರಣಗಳು ಹೆಂಗಸರ ಲೆಕ್ಕವನ್ನು ಬಿಟ್ಟು ಒಂಟಿಯಾಗಿ ಮೇಲೇರಿದವು. ಸತ್ತವರೆಲ್ಲರ ಹೆಸರಲ್ಲೂ ಪ್ರಕರಣ ತೆರೆಯುವುದಿಲ್ಲವಾದ್ದರಿಂದ ಅದಕ್ಕೂ ಸರಿದೂಗಿಸಿದರು. 2023ರ ಮೇ ಕೊನೆಯ ತನಕ ಸುಮಾರು 47 ಸಾವಿರ ಸಾವು ಅನ್ನುವುದು ಸಿಕ್ಕ ಉತ್ತರ. 40 ಸಾವಿರಕ್ಕೂ 55 ಸಾವಿರಕ್ಕೂ ನಡುವೆ ಎಲ್ಲೋ ಇರಬಹುದು ಅಂತ ಅವರೇ ಹೇಳಿದರು. ಹೀಗೆ ಅನಿಶ್ಚಿತತೆಯನ್ನೂ ಅಂಕಿಯ ಪಕ್ಕದಲ್ಲೇ ಬರೆದದ್ದಕ್ಕೇ ನನಗೆ ಈ ಲೆಕ್ಕದ ಮೇಲೆ ಗೌರವ. ಸೇನೆಗಳ ಪ್ರಕಟಣೆಯಲ್ಲಿ ಇದು ಎಂದೂ ಇರುವುದಿಲ್ಲ. ಕಾಣೆಯಾದವರು, ಸಾವು ನೋಂದಣಿಯೇ ಆಗದವರು ಇದರೊಳಗೆ ಬಂದಿಲ್ಲ.

ಉಕ್ರೇನಿನ ಕಡೆಯೂ ಮೌನ ಇತ್ತು. ತನ್ನ 31 ಸಾವಿರ ಸೈನಿಕರು ಸತ್ತಿದ್ದಾರೆ ಅಂತ ಝೆಲೆನ್‌ಸ್ಕಿ ಹೇಳಿದ್ದು 2024ರ ಫೆಬ್ರವರಿಯಲ್ಲಿ. ಅದೇ ವರ್ಷದ ಡಿಸೆಂಬರ್‌ನಲ್ಲಿ 43 ಸಾವಿರ ಅಂದರು. ಮಗ ಯಾವ ಲೆಕ್ಕದಲ್ಲಿದ್ದಾನೆ, ಸತ್ತವನೋ ಕಾಣೆಯಾದವನೋ ಅಂತ ಕಾಯುತ್ತಿರುವ ಮನೆಗಳು ಎರಡೂ ದೇಶದಲ್ಲಿವೆ.

ಈಗೀಗ ಯಾವ ಊರು ಯಾರ ಕೈಯಲ್ಲಿದೆ ಅಂತ ಹೇಳುವುದೂ ಕಷ್ಟವಾಗಿದೆ. ಡ್ರೋನ್‌ಗಳ ಕಾಟದಿಂದ ಎರಡೂ ಕಡೆಯವರು ಸಾಲಾಗಿ ನಿಲ್ಲುವಂತಿಲ್ಲ. ಇಬ್ಬರು, ಮೂವರ ಪುಟ್ಟ ಗುಂಪುಗಳು ನೆಲಮಾಳಿಗೆಗಳಲ್ಲಿ ಅಡಗಿರುತ್ತವೆ. ನಡುವೆ ಕಿಲೋಮೀಟರ್‌ಗಟ್ಟಲೆ ಯಾರದ್ದೂ ಅಲ್ಲದ ಜಾಗ. ಒಬ್ಬ ಸೈನಿಕ ಓಡಿಹೋಗಿ ಬಾವುಟ ಹಿಡಿದು ನಿಲ್ಲುತ್ತಾನೆ, ಮೇಲಿನಿಂದ ಡ್ರೋನ್ ಚಿತ್ರ ತೆಗೆಯುತ್ತದೆ, ಊರು ನಮ್ಮದಾಯಿತು ಅಂತ ಪ್ರಕಟಣೆ ಹೊರಡುತ್ತದೆ. ಆ ವಿಡಿಯೊ ಅಲ್ಲಿ ಒಬ್ಬ ಬಾವುಟದ ಜೊತೆ ಒಂದು ಕ್ಷಣ ನಿಂತಿದ್ದ ಅನ್ನುವುದನ್ನಷ್ಟೇ ಸಾಬೀತು ಮಾಡುತ್ತದೆ. ನಕ್ಷೆ ಬರೆಯುವವರು ಈಗ ಎದುರಾಳಿಯ ವಿಡಿಯೊಗಳನ್ನೇ ಹೆಚ್ಚು ಗಮನವಿಟ್ಟು ನೋಡುತ್ತಾರೆ. ರಷ್ಯಾ ಒಂದು ಬೀದಿಯ ಮೇಲೆ ಬಾಂಬ್ ಹಾಕುವ ವಿಡಿಯೊ ಬಿಟ್ಟರೆ, ಆ ಬೀದಿಯಲ್ಲಿ ಇನ್ನೂ ಉಕ್ರೇನಿನವರು ಇದ್ದಾರೆ ಅಂತ ರಷ್ಯಾವೇ ಹೇಳಿದ ಹಾಗೆ.