ಕೂತ ಜಾಗ ಮಾತಾಡುವುದಿಲ್ಲ: ಗಾಲಿಕುರ್ಚಿ ಮ್ಯಾರಥಾನ್‌ಗೆ ಕಲಬುರಗಿಯಲ್ಲಿ ತಯಾರಿ

"ಸರ್, ತೋಳು ಗಟ್ಟಿ ಅದಾವ್ರಿ, ಮ್ಯಾರಥಾನ್ ಆಗಂಗಿಲ್ಲೇನ್ರಿ?"

ಗಾಲಿಕುರ್ಚಿಯಲ್ಲಿ ಬರುವ ಹುಡುಗರು ನನ್ನನ್ನು ಕೇಳುವುದು ಹೆಚ್ಚು ಕಡಿಮೆ ಇದನ್ನೇ. ಆಗುತ್ತದೆ ಅಂತಲೇ ಹೇಳುತ್ತೇನೆ. ಆದರೆ ತೋಳು ನೋಡುವುದು ಕೊನೆಗೆ. ಮೊದಲು ಹೆಗಲಿನ ಹಿಂಭಾಗ, ಆಮೇಲೆ ಕೂರುವ ಜಾಗದ ಚರ್ಮ. ಆಮೇಲೆ ಕ್ಯಾಥೆಟರ್, ಅಂದರೆ ಮೂತ್ರ ತೆಗೆಯುವ ನಳಿಕೆ, ಎಷ್ಟು ಗಂಟೆಗೊಮ್ಮೆ ಹಾಕ್ತೀಯಪ್ಪ ಅಂತ ಕೇಳುತ್ತೇನೆ. ಓಟದ ಮಾತು ಆಡೋಕೆ ಬಂದವರಿಗೆ ಇದೆಲ್ಲ ಯಾಕೆ ಅನಿಸುತ್ತದೆ, ಮುಖ ಸಣ್ಣದಾಗುತ್ತದೆ.

ನಾನು ಕಲಬುರಗಿಯಲ್ಲಿ ಫಿಸಿಯೋಥೆರಪಿಸ್ಟ್. ನನ್ನ ಹತ್ತಿರ ಬರುವವರಲ್ಲಿ ಕಟ್ಟಡದ ಮೇಲಿಂದ ಬಿದ್ದವರು, ಮರದಿಂದ ಬಿದ್ದವರು, ಬೈಕ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದವರು ಜಾಸ್ತಿ. ಚಿಕ್ಕಂದಿನಲ್ಲಿ ಪೋಲಿಯೋ ಆದ, ಈಗ ನಲವತ್ತು ದಾಟಿದವರೂ ಇದ್ದಾರೆ. ಹೊರಗಿನವರಿಗೆ ಎಲ್ಲರೂ ಒಂದೇ ಥರ ಕುರ್ಚಿಯಲ್ಲಿ ಕೂತಂತೆ ಕಾಣುತ್ತದೆ, ಅಲ್ವಾ? ಆದರೆ ಪೋಲಿಯೋ ಆದವರಿಗೆ ಕಾಲಿನ ಬಲ ಹೋಗಿರುತ್ತದೆ, ಸ್ಪರ್ಶ ಹೋಗಿರುವುದಿಲ್ಲ. ಚರ್ಮ ಉರಿದರೆ ತಿಳಿಯುತ್ತದೆ, ಬೆವರು ಬರುತ್ತದೆ. ಬೆನ್ನುಹುರಿ ಪೂರ್ತಿ ತುಂಡಾದವರಿಗೆ ಪೆಟ್ಟಿನ ಕೆಳಗಿನ ಮೈಯಿಂದ ಯಾವ ಸುದ್ದಿಯೂ ಮೇಲೆ ಬರುವುದಿಲ್ಲ. ಚರ್ಮ ಸುಲಿದರೂ, ಮೂತ್ರಚೀಲ ತುಂಬಿದರೂ, ಮೈ ಕಾದರೂ ಗೊತ್ತಾಗುವುದಿಲ್ಲ. ಇವರ ತಯಾರಿಯಲ್ಲಿ ದೊಡ್ಡ ಪಾಲು ಅಂದರೆ, ಮೈ ಹೇಳದೇ ಇರುವುದನ್ನು ಗಡಿಯಾರ, ಕನ್ನಡಿ ಮತ್ತು ಕೈಯಿಂದ ತಿಳಿದುಕೊಳ್ಳುವ ರೂಢಿ ಮಾಡಿಕೊಳ್ಳುವುದು.

ಮೊದಲು ಲೆಕ್ಕ ನೋಡಿ. ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್. ಸ್ವಿಟ್ಜರ್ಲೆಂಡಿನ ಮಾರ್ಸೆಲ್ ಹುಗ್ 2021ರಲ್ಲಿ ಜಪಾನಿನ ಒಯಿಟಾದಲ್ಲಿ ಇದನ್ನು 1 ಗಂಟೆ 17 ನಿಮಿಷ 47 ಸೆಕೆಂಡಿನಲ್ಲಿ ಮುಗಿಸಿದರು. ಗಂಟೆಗೆ 32 ಕಿಲೋಮೀಟರ್‌ಗೂ ಮೇಲೆ. ಈ ವಿಡಿಯೋ ನೋಡಿ ಬರುವ ಹುಡುಗರಿಗೆ ನಾನು ಹೇಳುವುದು, ಅದು ಬೇರೆಯೇ ಕುರ್ಚಿ. ಮುಂದೆ ಒಂದು ಸಣ್ಣ ಗಾಲಿ, ಹಿಂದೆ ಎರಡು ದೊಡ್ಡ ಗಾಲಿ, ಸವಾರ ಮಂಡಿ ಮಡಚಿ ಮುಂದಕ್ಕೆ ಬಾಗಿ ಕೂತಿರುತ್ತಾನೆ. ಗಾಲಿಗೆ ಅಂಟಿದ ಸಣ್ಣ ಬಳೆಯನ್ನು ಗಟ್ಟಿ ಗ್ಲೌಸ್ ಹಾಕಿದ ಕೈಯಿಂದ ಗುದ್ದಿ ತಳ್ಳುತ್ತಾನೆ, ಹಿಡಿಯುವುದಿಲ್ಲ. ಗೇರ್ ಇಲ್ಲ, ಚೈನ್ ಇಲ್ಲ. ನಮ್ಮ ಊರಲ್ಲಿ ಬಹಳ ಮಂದಿ ತಯಾರಿ ಮಾಡುವುದು ದಿನಬಳಕೆಯ ಕುರ್ಚಿಯಲ್ಲಿ. ಅದರಲ್ಲಿ ಗಂಟೆಗೆ 7 ಕಿಲೋಮೀಟರ್ ಹೋದರೂ ಆರು ಗಂಟೆ ಬೇಕು. ನಿಮಿಷಕ್ಕೆ 50 ಸಲ ತಳ್ಳಿದರೆ ಆರು ಗಂಟೆಗೆ 18,000 ಸಲ. ಅಷ್ಟೂ ಸಲ ಭಾರ ಬೀಳುವುದು ಅದೇ ಹೆಗಲಿನ ಕೀಲಿನ ಮೇಲೆ, ಆ ಕೀಲು ಭಾರ ಹೊರೋಕೆ ಅಂತ ಆಗಿದ್ದೇ ಅಲ್ಲ. ಅದಕ್ಕೇ ಮೊದಲ ವರ್ಷ 42 ಬೇಡ ಅಂತೀನಿ. ಹತ್ತು ಮಾಡಿ, ಇಪ್ಪತ್ತೊಂದು ಮಾಡಿ.

ಹೆಗಲಿನ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬ ಹುಡುಗನಿಗೆ ಡಂಬೆಲ್ ಕೊಟ್ಟು ಎದೆ, ತೋಳು ಬೆಳೆಸಿದೆ. ಮೂರು ತಿಂಗಳಿಗೆ ಅವನ ಹೆಗಲು ಎಷ್ಟು ನೋಯತೊಡಗಿತು ಅಂದರೆ ರಾತ್ರಿ ಆ ಮಗ್ಗುಲಿಗೆ ಮಲಗೋಕೆ ಆಗುತ್ತಿರಲಿಲ್ಲ. ನಡೆಯುವವನಿಗೆ ಹೆಗಲು ನೋವಾದರೆ ಕೈ ಜೋಲಿ ಕಟ್ಟಿಕೊಂಡು ತಿರುಗುತ್ತಾನೆ. ಇವನಿಗೆ ಹೆಗಲು ಹೋದರೆ ಮಂಚದಿಂದ ಕುರ್ಚಿಗೆ ಬರೋದೂ ಇಲ್ಲ, ಶೌಚಕ್ಕೆ ಹೋಗೋದೂ ಇಲ್ಲ, ಅವನ ತಾಯಿಯೇ ಎತ್ತಬೇಕು. ಆ ತಾಯಿ ನನಗೆ ಒಂದು ಮಾತೂ ಅನ್ನಲಿಲ್ಲ, ಅದು ಇವತ್ತಿಗೂ ನನ್ನ ಮನಸ್ಸಲ್ಲಿದೆ.

ತಳ್ಳುವ ಕೆಲಸದಿಂದ ಎದೆಯ ಸ್ನಾಯು ತಾನಾಗೇ ಬಿಗಿಯಾಗುತ್ತದೆ, ಹೆಗಲು ಮುಂದಕ್ಕೆ ಜಾರುತ್ತದೆ, ಒಳಗಿನ ನರದಂಥ ಸ್ನಾಯುಪಟ್ಟಿ ಎಲುಬಿನ ಕೆಳಗೆ ಸಿಕ್ಕಿ ಉಜ್ಜುತ್ತದೆ. ಅದಕ್ಕೆ ಮದ್ದು ಹಿಂದಕ್ಕೆ ಎಳೆಯುವ ವ್ಯಾಯಾಮ. ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ, ಮೊಳಕೈ ಮಡಚಿ, ಬೆನ್ನಿನ ಎರಡು ಹಲಗೆ ಎಲುಬು ಒಂದಕ್ಕೊಂದು ತಾಗುವ ಹಾಗೆ ಎಳೆಯಿರಿ. ತಳ್ಳುವ ವ್ಯಾಯಾಮ ಒಂದು ಮಾಡಿದರೆ ಎಳೆಯುವುದು ಎರಡು ಮಾಡಿ. ತಳ್ಳುವಾಗ ಟಕ್ ಟಕ್ ಅಂತ ಗಿಡ್ಡ ಹೊಡೆತ ಬೇಡ. ಉದ್ದಕ್ಕೆ, ನಿಧಾನಕ್ಕೆ ತಳ್ಳಿ. ಬಿಟ್ಟ ಮೇಲೆ ಕೈಯನ್ನು ಬಳೆಯ ಕೆಳಗಿಂದ ಅರ್ಧ ಸುತ್ತು ತಿರುಗಿಸಿ ಹಿಂದಕ್ಕೆ ತನ್ನಿ. ಕುರ್ಚಿಯ ಅಳತೆಯೂ ಸರಿಯಿರಬೇಕು. ಬಳೆಯ ಮೇಲ್ತುದಿಯಲ್ಲಿ ಕೈ ಇಟ್ಟಾಗ ಮೊಳಕೈ ಹತ್ತಿರ ಮೇಲ್ತೋಳು, ಕೆಳತೋಳಿನ ನಡುವಿನ ಕೋನ 100ರಿಂದ 120 ಡಿಗ್ರಿ ಇರಬೇಕು. ಶಿಬಿರಗಳಲ್ಲಿ ಎಲ್ಲರಿಗೂ ಒಂದೇ ಅಳತೆಯ ಕುರ್ಚಿ ಹಂಚುವುದನ್ನು ನೋಡಿದ್ದೇನೆ. ತೆಳ್ಳನೆಯ ಹುಡುಗಿ 18 ಇಂಚಿನ ಸೀಟಿನಲ್ಲಿ ಕೂತರೆ ರೆಕ್ಕೆ ಬಿಚ್ಚಿದ ಹಾಗೆ ತೋಳು ಅಗಲಿಸಿ ತಳ್ಳಬೇಕಾಗುತ್ತದೆ. ಆ ಕುರ್ಚಿಯಲ್ಲಿ ಎಷ್ಟು ವ್ಯಾಯಾಮ ಮಾಡಿದರೂ ಹೆಗಲು ಉಳಿಯುವುದಿಲ್ಲ.

ಇನ್ನು ರಸ್ತೆ. ನಮ್ಮ ರಿಂಗ್ ರೋಡ್ ಆಗಲಿ, ಜೇವರ್ಗಿ ರಸ್ತೆ ಆಗಲಿ, ನೀರು ಹರಿಯಲಿ ಅಂತ ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುತ್ತದೆ. ನಡೆಯುವವರಿಗೆ ಇದು ಗೊತ್ತೇ ಆಗುವುದಿಲ್ಲ. ಎಡ ಅಂಚಿನಲ್ಲಿ ಕುರ್ಚಿ ಹೋಗುವಾಗ ಅದು ಸುಮ್ನೆ ಎಡಕ್ಕೆ ಜಾರುತ್ತಾ ಇರುತ್ತದೆ, ನೆಟ್ಟಗೆ ಹೋಗಬೇಕಂದರೆ ಎಡಗೈ ಜಾಸ್ತಿ ತಳ್ಳಬೇಕು. ಹತ್ತು ಕಿಲೋಮೀಟರ್ ಆದ ಮೇಲೆ ಎಡಹೆಗಲು ಮಾತ್ರ ನೋಯುತ್ತದೆ ಅಂತ ಬರುವವರಿಗೆ ನಾನು ಮೊದಲು ಕೇಳುವುದು ಯಾವ ರಸ್ತೆ ಅಂತ. ಹಾಗಾಗಿ ನಮ್ಮವರಿಗೆ ಸೇಡಂ ರಸ್ತೆಯ ವಿಶ್ವವಿದ್ಯಾಲಯದ ಆವರಣದಂಥ, ವಾಹನ ಕಡಿಮೆ ಇರುವ ಜಾಗ ಒಳ್ಳೆಯದು. ಬೆಳಿಗ್ಗೆ ಬೇಗ ಹೋದರೆ ರಸ್ತೆಯ ನಡುವೆಯೇ ಹೋಗಬಹುದು, ಹೋಗಿ ಬರುವಾಗ ಮಗ್ಗುಲು ಬದಲಿಸಬಹುದು. ಜಾಲಿ ಮುಳ್ಳು ಎಲ್ಲ ಕಡೆ ಇದೆ. ಒಂದು ಟ್ಯೂಬ್, ಒಂದು ಪಂಪ್ ಕುರ್ಚಿಯ ಕೆಳಗೆ ಕಟ್ಟಿಕೊಂಡೇ ಹೊರಡಿ. ಗಾಳಿ ಕಡಿಮೆ ಇರುವ ಗಾಲಿ ತಳ್ಳುವುದು ಅಂದರೆ ಹೆಗಲನ್ನು ಕೈಯಾರೆ ಸವೆಸಿದ ಹಾಗೆ, ವಾರಕ್ಕೊಮ್ಮೆ ಗಾಳಿ ನೋಡಿ. ಮಳೆಗಾಲದಲ್ಲಿ ರಸ್ತೆ ಪಕ್ಕಕ್ಕೆ ಇಳಿಯಲೇಬೇಡಿ, ಎರೆಮಣ್ಣು ಮುಂದಿನ ಸಣ್ಣ ಗಾಲಿಗೆ ಮೆತ್ತಿಕೊಂಡರೆ ಕುರ್ಚಿ ಅಲ್ಲೇ ನಿಂತುಬಿಡುತ್ತದೆ.

ನನಗೆ ಎಲ್ಲಕ್ಕಿಂತ ಭಯ ಬಿಸಿಲಿನದು. ಬೇಸಿಗೆಯಲ್ಲಿ ಕಲಬುರಗಿ, ಯಾದಗಿರಿಯಲ್ಲಿ 42 ಡಿಗ್ರಿ ದಾಟುವುದು ನಮಗೆ ಹೊಸದೇನಲ್ಲ. ಆದರೆ ಬೆನ್ನುಹುರಿಗೆ ಎದೆಯ ಆರನೇ ಮಟ್ಟಕ್ಕಿಂತ, ಅಂದರೆ ಡಾಕ್ಟರ್ ಚೀಟಿಯಲ್ಲಿ ಟಿ6 ಅಂತ ಬರೆಯುವುದಕ್ಕಿಂತ, ಮೇಲೆ ಪೂರ್ತಿ ಪೆಟ್ಟಾಗಿದ್ದರೆ ಮೈಯ ಬಹುಪಾಲು ಬೆವರುವುದೇ ಇಲ್ಲ. ಒಳಗಿನ ಬಿಸಿ ಹೊರಗೆ ಹೋಗೋಕೆ ದಾರಿಯೇ ಇಲ್ಲ. ಎಪ್ರಿಲ್‌ನಲ್ಲಿ ಬೆಳಿಗ್ಗೆ ಎಂಟಕ್ಕೆ ಗೆಳೆಯರ ಜೊತೆ ಅಭ್ಯಾಸಕ್ಕೆ ಹೋದರೆ ಗೆಳೆಯರು ಬೆವರಿ ತಣ್ಣಗಾಗುತ್ತಾರೆ, ಇವರ ಮೈ ಕಾಯುತ್ತಲೇ ಹೋಗುತ್ತದೆ. ತಲೆಸುತ್ತು, ತೊದಲು ಮಾತು ಬರುವ ಹೊತ್ತಿಗೆ ತಡವಾಗಿರುತ್ತದೆ. ಇವರಿಗೆ ಹೃದಯದ ಬಡಿತ ನೋಡುವ ಕೈಗಡಿಯಾರವನ್ನೂ ನಂಬೋಕಾಗಲ್ಲ. ಕುತ್ತಿಗೆಯ ಮಟ್ಟದಲ್ಲಿ ಪೆಟ್ಟಾದವರ ಬಡಿತ ಎಷ್ಟು ಕಷ್ಟಪಟ್ಟರೂ ಸಾಮಾನ್ಯವಾಗಿ 110ರಿಂದ 130ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ತಳ್ಳುತ್ತಾ ಒಂದು ಪೂರ್ತಿ ವಾಕ್ಯ ಮಾತಾಡೋಕೆ ಆಗುತ್ತಾ ಅಂತ ನೋಡಿಕೊಳ್ಳಿ, ಅದು ಒಳ್ಳೆಯ ಅಳತೆ.

ಬೇಸಿಗೆಯಲ್ಲಿ ಐದಕ್ಕೆ ಶುರು ಮಾಡಿ ಆರೂವರೆಗೆ ಮನೆ ಸೇರಿಬಿಡಿ. ಗಿಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ ಒಂದು ಜೊತೆಯಲ್ಲಿರಲಿ. ಹದಿನೈದು ನಿಮಿಷಕ್ಕೊಮ್ಮೆ ಮುಖ, ಕುತ್ತಿಗೆ, ತೋಳಿಗೆ ಹೊಡೆದುಕೊಳ್ಳಿ, ಬಾರದ ಬೆವರಿನ ಕೆಲಸ ಅದು ಮಾಡುತ್ತದೆ. ನಮ್ಮ ಒಣಹವೆಯಲ್ಲಿ ನೀರು ಬೇಗ ಆರುವುದರಿಂದ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಜನವರಿಯ ಮುಂಬೈ ಮ್ಯಾರಥಾನ್‌ನಂಥ ಕಡೆ ಹೋದರೆ ಸಮುದ್ರದ ಹವೆ, ನೀರು ಆರುವುದಿಲ್ಲ, ಅಲ್ಲಿ ಐಸ್ ಸುತ್ತಿದ ಟವೆಲ್ ಕುತ್ತಿಗೆಗೆ ಹಾಕಿಕೊಳ್ಳಬೇಕು. ಬೀದರ್‌ನವರಿಗೆ ಸ್ವಲ್ಪ ಅನುಕೂಲ, ನಮಗಿಂತ 200 ಮೀಟರ್‌ಗೂ ಜಾಸ್ತಿ ಎತ್ತರದ ಊರು, ಬೆಳಗಿನ ಹವೆ ತಂಪು. ಚಳಿಗಾಲದ ಓಟಕ್ಕೆ ಆಗಸ್ಟಿನಲ್ಲಿ ಶುರು ಮಾಡಿದರೆ ಇಪ್ಪತ್ತು ವಾರ ಸಿಗುತ್ತದೆ. ವಾರಕ್ಕೆ ಮೂರು ಅಥವಾ ನಾಲ್ಕು ದಿನ ತಳ್ಳಿ, ಅದರಲ್ಲಿ ಒಂದು ದಿನ ಉದ್ದದ್ದು. ಪ್ರತಿ ನಾಲ್ಕನೇ ವಾರ ದೂರ ಇಳಿಸಿ ಹೆಗಲಿಗೆ ಉಸಿರಾಡೋಕೆ ಬಿಡಿ. ಕೊನೆಯ ಮೂರು ವಾರ ಕಡಿಮೆ ಮಾಡುತ್ತಾ ಬನ್ನಿ.

ಇನ್ನು ಯಾರೂ ಮಾತಾಡೋಕೆ ಇಷ್ಟಪಡದ ವಿಷಯ. ಓಟದ ನಡುವೆ ಮೂತ್ರದ ತೊಂದರೆ ಬೇಡ ಅಂತ ಹಿಂದಿನ ದಿನದಿಂದಲೇ ನೀರು ಬಿಡುತ್ತಾರೆ. ಹುಡುಗಿಯರು ಇನ್ನೂ ಜಾಸ್ತಿ, ದಾರಿಯಲ್ಲಿ ಅವರಿಗೆ ಕುರ್ಚಿ ಹೋಗುವಂಥ ಶೌಚಾಲಯ ಇರುವುದಿಲ್ಲವಲ್ಲ. ದಯವಿಟ್ಟು ನೀರು ಬಿಡಬೇಡಿ. ಬಿಸಿಲಿನಲ್ಲಿ ಬೆವರದ ಮೈಗೆ ನೀರೂ ಇಲ್ಲ ಅಂದರೆ ಏನಾಗುತ್ತದೆ ಯೋಚಿಸಿ. ನಾಲ್ಕರಿಂದ ಆರು ಗಂಟೆಗೊಮ್ಮೆ ಕ್ಯಾಥೆಟರ್ ಹಾಕುವವರು ಓಟಕ್ಕೆ ಸ್ವಲ್ಪ ಮೊದಲು ಒಮ್ಮೆ ಖಾಲಿ ಮಾಡಿ, ದಾರಿಯಲ್ಲಿ ಎಲ್ಲಿ ನಿಲ್ಲುವುದು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ನೋಂದಣಿಗೆ ಮೊದಲು ಸಂಘಟಕರಿಗೆ ಫೋನ್ ಮಾಡಿ ಶೌಚಾಲಯದ ಬಗ್ಗೆ ನಾಚಿಕೆ ಇಲ್ಲದೆ ಕೇಳಿ. ನೀವು ಕೇಳದಿದ್ದರೆ ಅವರಿಗೆ ಹೊಳೆಯುವುದೂ ಇಲ್ಲ.

ಟಿ6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರು ಇನ್ನೊಂದು ಗಮನಿಸಬೇಕು. ಮೂತ್ರಚೀಲ ತುಂಬಿದರೆ, ಹೊಟ್ಟೆ ಕಟ್ಟಿದ್ದರೆ, ಬೆಲ್ಟ್ ಬಿಗಿಯಾದರೂ ಸಾಕು, ರಕ್ತದೊತ್ತಡ ಇದ್ದಕ್ಕಿದ್ದಂತೆ ಏರುತ್ತದೆ. ತಲೆ ಸಿಡಿಯುತ್ತದೆ, ಮುಖ ಕೆಂಪಾಗುತ್ತದೆ. ಇವರ ಮಾಮೂಲಿ ಒತ್ತಡ 90 ಅಥವಾ 100 ಇರುವುದರಿಂದ 140 ಅಂದರೂ ಅಪಾಯವೇ, ಆದರೆ ನೋಡಿದವರು ಇದು ನಾರ್ಮಲ್ ಅಂತ ಕಳಿಸಿಬಿಡುತ್ತಾರೆ. ಹಾಗಾದಾಗ ಮಲಗಿಸಬಾರದು. ನೆಟ್ಟಗೆ ಕೂರಿಸಿ, ಬಿಗಿ ಇರುವುದೆಲ್ಲ ಸಡಿಲಿಸಿ, ಮೂತ್ರ ಖಾಲಿ ಮಾಡಿಸಿ, ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಓಡಿ. ನಮ್ಮ ಹುಡುಗರ ಜೇಬಿನಲ್ಲಿ ಇದನ್ನು ಕನ್ನಡದಲ್ಲಿ ಬರೆದ ಚೀಟಿ ಇರುತ್ತದೆ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜೋಳದ ರೊಟ್ಟಿ, ತೊಗರಿ ಬೇಳೆ, ಶೇಂಗಾ ಹಿಂಡಿ ತಿಂದು ಅಭ್ಯಾಸ ಮಾಡಿದವರು ಓಟದ ಹಿಂದಿನ ರಾತ್ರಿ ಹೊಸದೇನೂ ತಿನ್ನಬೇಡಿ. ಹೊಟ್ಟೆ ಖಾಲಿ ಮಾಡುವ ವೇಳೆಯನ್ನೂ ಬದಲಿಸಬೇಡಿ. ದಾರಿಯಲ್ಲಿ ಗಂಟೆಗೊಂದು ಬಾಳೆಹಣ್ಣು, ಉಪ್ಪು ಸಕ್ಕರೆ ನೀರು ಇರಲಿ.

ಮನಸ್ಸಿನ ತಯಾರಿ ಮೊದಲ ಸಲ ಮನೆಯಿಂದ ಹೊರಗೆ ಹೋದ ದಿನವೇ ಶುರುವಾಗುತ್ತದೆ. ಒಬ್ಬ ಹುಡುಗ ಗುಡಿಯ ಹತ್ತಿರದ ರಸ್ತೆಯಲ್ಲಿ ಉಸಿರು ತಗೊಳ್ಳೋಕೆ ನಿಂತಿದ್ದ. ಒಬ್ಬ ಅಜ್ಜಿ ಬಂದು ಅವನ ತೊಡೆಯ ಮೇಲೆ ಐದು ರೂಪಾಯಿ ಇಟ್ಟು ಹೋದಳು. ಮನೆಗೆ ಬಂದವನು ಎರಡು ವಾರ ಹೊರಗೆ ಹೋಗಲಿಲ್ಲ. 30 ಕಿಲೋಮೀಟರ್‌ನ ಸುಸ್ತನ್ನು ಅವನು ತಾಳಬಲ್ಲ, ಆ ಐದು ರೂಪಾಯಿ ತಾಳೋಕೆ ಆಗಲಿಲ್ಲ. ಹಾಗಾಗಿ ಮೊದಲ ತಿಂಗಳು ನಾನು ವೇಗ, ದೂರ ಏನೂ ಕೇಳುವುದಿಲ್ಲ. ಜೊತೆಗೊಬ್ಬ ಗೆಳೆಯ, ಮೈಮೇಲೆ ಓಟಗಾರರ ಬನಿಯನ್, ತಲೆಗೆ ಹೆಲ್ಮೆಟ್. ಬಟ್ಟೆ ಬದಲಾದರೆ ನೋಡುವವರ ಕಣ್ಣೂ ಬಹಳಷ್ಟು ಬದಲಾಗುತ್ತದೆ, ಇದು ನಾನು ಕಣ್ಣಾರೆ ಕಂಡದ್ದು. ಹಿಂದಿನಿಂದ ಬಂದು ಸಹಾಯ ಅಂತ ಕುರ್ಚಿ ತಳ್ಳುವವರಿಗೆ "ಬ್ಯಾಡ್ರಿ, ನಾನೇ ಹೊಂಟೀನಿ" ಅಂತ ಜೋರಾಗಿ ಹೇಳೋದನ್ನು ಮನೆಯಲ್ಲೇ ಅಭ್ಯಾಸ ಮಾಡಿಸುತ್ತೇನೆ. ಇದು ಸ್ವಾಭಿಮಾನದ ಮಾತಷ್ಟೇ ಅಂದುಕೊಳ್ಳಬೇಡಿ, ಗೊತ್ತಿಲ್ಲದೆ ತಳ್ಳಿದರೆ ಬೆರಳು ಗಾಲಿಗೆ ಸಿಕ್ಕುತ್ತದೆ.

ಪೆಟ್ಟಾಗಿ ಐದಾರು ತಿಂಗಳಿಗೇ ಬಂದು, ಮನೆಯವರಿಗೆ ತೋರಿಸಬೇಕು ಸರ್ ಅನ್ನುವವರೂ ಇದ್ದಾರೆ. ಅವರನ್ನು ನಾನು ಒಂದು ವರ್ಷವಾದರೂ ಕಾಯಿಸುತ್ತೇನೆ. ಅಳುವುದು ಬಾಕಿ ಇರುವಾಗ ಓಟಕ್ಕೆ ಕಳಿಸಿದರೆ ಓಟ ಮುಗಿದ ಮಾರನೇ ದಿನ ಮನಸ್ಸು ಕುಸಿಯುತ್ತದೆ. ಮನೆಯವರು "ಇದೆಲ್ಲ ಯಾಕ್ ಬೇಕ್ರಿ" ಅಂದಾಗ ಬೆಂಗಳೂರಿನ ಮಾಲತಿ ಹೊಳ್ಳ ಅವರ ಬಗ್ಗೆ ಹೇಳುತ್ತೇನೆ. ಚಿಕ್ಕಂದಿನಲ್ಲೇ ಪೋಲಿಯೋ ಆದವರು ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಪಡೆದವರು. ಹುಡುಗರಿಗೆ ಇಷ್ಟವಾಗುವುದು ಅಮೆರಿಕದ ಬಾಬ್ ಹಾಲ್ ಕಥೆ. 1975ರಲ್ಲಿ ಬಾಸ್ಟನ್ ಮ್ಯಾರಥಾನ್‌ಗೆ ಗಾಲಿಕುರ್ಚಿಯಲ್ಲಿ ಬರುತ್ತೇನೆ ಅಂದಾಗ, ಮೂರು ಗಂಟೆಯೊಳಗೆ ಮುಗಿಸಿದರೆ ಮಾತ್ರ ಪ್ರಮಾಣಪತ್ರ ಅಂತ ಸಂಘಟಕರು ಅಂದರಂತೆ. ಅವರು 2 ಗಂಟೆ 58 ನಿಮಿಷಕ್ಕೆ ಮುಗಿಸಿದರು.

ಉದ್ದದ ದಿನಗಳಲ್ಲಿ ಮನಸ್ಸಿಗೆ ಕಂಬ ಎಣಿಸೋಕೆ ಹೇಳುತ್ತೇನೆ. ಮುಂದಿನ ಕರೆಂಟ್ ಕಂಬದ ತನಕ ಮಾತ್ರ ನಿನ್ನ ಓಟ, ಅದು ಬಂದ ಮೇಲೆ ಮುಂದಿನದು. ಅರ್ಧ ಗಂಟೆಗೊಮ್ಮೆ ಗಡಿಯಾರ ಕೂಗಿದಾಗ ನಿಲ್ಲಬೇಕು. ಕೈಯೂರಿ ಮೈ ಎತ್ತಬೇಡಿ, ಅದಕ್ಕೂ ಹೆಗಲೇ ದುಡಿಯಬೇಕು. ಎದೆ ತೊಡೆಗೆ ತಾಗುವಂತೆ ಮುಂದಕ್ಕೆ ಬಾಗಿ ಎರಡು ನಿಮಿಷ ಇದ್ದರೆ ಕೂತ ಜಾಗಕ್ಕೆ ರಕ್ತ ಹರಿಯುತ್ತದೆ. ಸಮಯ ಹೋಯಿತು ಅಂತ ಗೊಣಗುತ್ತಾರೆ, ಆದರೂ ಮಾಡಿಸುತ್ತೇನೆ.

ಓಟ ಮುಗಿದ ಸಂಜೆ ಫೋಟೋ, ಹಾರ, ಸಿಹಿ ಎಲ್ಲ ಆಗಲಿ. ಆಮೇಲೆ ಬಾಗಿಲು ಹಾಕಿಕೊಂಡು, ಮಗ್ಗುಲಾಗಿ ಮಲಗಿ, ಕನ್ನಡಿ ಹಿಡಿದು ಕೂತ ಜಾಗ ನೋಡಿಕೊಳ್ಳಿ. ಕೆಂಪು ಕಂಡರೆ ಬೆರಳಿಂದ ಒತ್ತಿ. ಬಿಟ್ಟಾಗ ಬೆಳ್ಳಗಾಗಿ ಮತ್ತೆ ಕೆಂಪಾದರೆ, ಅರ್ಧ ಗಂಟೆಯಲ್ಲಿ ಮಾಸಿದರೆ ಚಿಂತೆ ಇಲ್ಲ. ಬೆಳ್ಳಗಾಗದೆ ಹಾಗೇ ಉಳಿದರೆ ಆ ಜಾಗ ಮಾಗುವ ತನಕ ಅದರ ಮೇಲೆ ಕೂರಬಾರದು, ಬೋರಲು ಮಲಗಬೇಕು. ಮೈ ಬಣ್ಣ ಕಪ್ಪಾಗಿದ್ದವರಿಗೆ ಕೆಂಪು ಕಾಣುವುದಿಲ್ಲ, ಅವರು ಕೈ ಹಿಂಭಾಗದಿಂದ ಮುಟ್ಟಿ ನೋಡಬೇಕು, ಸುತ್ತಲಿಗಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ ಅಂತ. ಕಾಣದಿದ್ದರೆ ಮನೆಯವರಿಗೆ ಹೇಳಿ ಫೋಟೋ ತೆಗೆಸಿ ನನಗೆ ಕಳಿಸಿ, ರಾತ್ರಿ ಎಷ್ಟೊತ್ತಾದರೂ ಸರಿ.