ಬಲೂನ್ ಊದಿದರೆ ಮುಖ ನೇರವಾಗಲ್ಲ

ಮುಖ, ಬಾಯಿಗೆ ಅಭ್ಯಾಸ ಮಾಡಿಸುವುದು ನನ್ನ ಕೆಲಸ. ಕಳೆದ ಮಳೆಗಾಲದಲ್ಲಿ ಒಬ್ಬರು ನನ್ನ ಹತ್ತಿರ ಬಂದಿದ್ದರು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ವಯಸ್ಸು ನಲವತ್ತರ ಆಸುಪಾಸು. ಏಳು ತಿಂಗಳ ಹಿಂದೆ ಒಂದು ಬೆಳಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ಸೋರಿತ್ತು. ಕನ್ನಡಿ ನೋಡಿದರೆ ಬಾಯಿ ಸೊಟ್ಟ. ಮನೆಯವರು ಲಕ್ವ ಅಂದುಕೊಂಡು ಆಸ್ಪತ್ರೆಗೆ ಓಡಿದ್ದರು. ಅದು ಬೆಲ್ಸ್ ಪಾಲ್ಸಿ ಅಂತ ಗೊತ್ತಾಯ್ತು. ಮಾತ್ರೆ ಬರೆದುಕೊಟ್ಟು, "ಮುಖಕ್ಕೆ ಎಕ್ಸರ್‌ಸೈಜ್ ಮಾಡ್ತಾ ಇರಿ" ಅಂದು ಕಳಿಸಿದ್ದರಂತೆ. ಯಾವುದು, ಎಷ್ಟು ಅಂತ ಯಾರೂ ಹೇಳಿರಲಿಲ್ಲ.

"ದಿನಾ ಇಪ್ಪತ್ತು ಬಲೂನ್ ಊದ್ತೀನಿ ಮೇಡಂ. ಚ್ಯೂಯಿಂಗ್ ಗಮ್ ಬೇರೆ. ಆದ್ರೂ ಈಗ ನಕ್ಕರೆ ಎಡಗಣ್ಣು ಮುಚ್ಚಿಕೊಳ್ಳುತ್ತೆ. ನೋಡಿದವರು ಕಣ್ಣು ಹೊಡೀತಾಳೆ ಅಂದ್ಕೋತಾರೆ."

ನಗಲು ಹೇಳಿದೆ. ತುಟಿಯ ಅಂಚು ಮೇಲೆ ಹೋದ ಕೂಡಲೇ ಎಡಗಣ್ಣು ಅರ್ಧಕ್ಕಿಂತ ಜಾಸ್ತಿ ಮುಚ್ಚಿತು. ಕತ್ತಿನ ಚರ್ಮವೂ ಎಳೆದುಕೊಂಡಿತು.

ಇದಕ್ಕೆ ಸಿಂಕೈನೀಸಿಸ್ ಅಂತಾರೆ. ಮುಖವನ್ನು ಆಡಿಸುವ ನರ ಮಿದುಳಿನಿಂದ ಹೊರಟು ಕಿವಿಯ ಹಿಂದಿನ ಮೂಳೆಯಲ್ಲಿ ಒಂದು ಇಕ್ಕಟ್ಟಾದ ಓಣಿಯೊಳಗೆ ತೂರಿ ಬರುತ್ತದೆ. ಅಲ್ಲಿ ಊತ ಬಂದರೆ ನರ ಹಿಸುಕಿದಂತಾಗಿ ಮುಖದ ಆ ಅರ್ಧ ಜೋತುಬೀಳುತ್ತದೆ. ಅದೇ ಬೆಲ್ಸ್ ಪಾಲ್ಸಿ. ಸುಮಾರು ಹತ್ತರಲ್ಲಿ ಏಳು ಜನಕ್ಕೆ ಇದು ತಾನಾಗಿಯೇ ಪೂರ್ತಿ ವಾಸಿಯಾಗುತ್ತದೆ. 72 ಗಂಟೆಯೊಳಗೆ ಸ್ಟೀರಾಯ್ಡ್ ಮಾತ್ರೆ ಶುರುವಾದರೆ ಇನ್ನೂ ಹೆಚ್ಚು ಜನಕ್ಕೆ. ಉಳಿದವರಲ್ಲಿ ನರದ ಎಳೆಗಳು ಹಾಳಾಗಿ, ದಿನಕ್ಕೆ ಸುಮಾರು 1 ಮಿಲಿಮೀಟರ್ ಲೆಕ್ಕದಲ್ಲಿ ಮತ್ತೆ ಬೆಳೆಯಬೇಕು. ಬೆಳೆಯುವಾಗ ಕೆಲವು ದಾರಿ ತಪ್ಪುತ್ತವೆ. ತುಟಿಗೆ ಹೋಗಬೇಕಾದ ಎಳೆ ಕಣ್ಣಿನ ರೆಪ್ಪೆಗೆ ಹೋಗಿ ಸೇರುತ್ತದೆ. ಮನೆಗೆ ವೈರಿಂಗ್ ಮಾಡಿದವನು ಎಡವಟ್ಟು ಮಾಡಿ, ಫ್ಯಾನ್ ಸ್ವಿಚ್ ಒತ್ತಿದರೆ ಬಲ್ಬೂ ಹತ್ತಿಕೊಂಡ ಹಾಗೆ.

ಬಲೂನಿನಿಂದಲೇ ಅವರಿಗೆ ಹೀಗಾಯ್ತು ಅಂತ ನಾನು ಹೇಳುವುದಿಲ್ಲ. ಆದರೆ ವೈರಿಂಗ್ ತಪ್ಪಿರುವಾಗ ಸ್ವಿಚ್ಚನ್ನು ಜೋರಾಗಿ ಒತ್ತಿದರೆ ಫ್ಯಾನ್ ಸರಿಹೋಗುತ್ತದಾ? ಶಕ್ತಿ ಹಾಕಿ ಊದಿದಾಗಲೆಲ್ಲ ಕಣ್ಣು, ಕೆನ್ನೆ, ಕತ್ತು ಒಟ್ಟಿಗೇ ಎಳೆದುಕೊಳ್ಳುತ್ತವೆ. ಮಿದುಳು ಅದನ್ನೇ ಪಾಠ ಅಂತ ಕಲಿಯುತ್ತದೆ. ಚ್ಯೂಯಿಂಗ್ ಗಮ್ ಕಥೆ ಇನ್ನೂ ತಮಾಷೆ. ಅಗಿಯುವ ಸ್ನಾಯುಗಳಿಗೆ ಬೇರೆಯೇ ನರ ಇದೆ, ಅದಕ್ಕೆ ಏನೂ ಆಗಿರುವುದೇ ಇಲ್ಲ. ಮುಖದ ಸ್ನಾಯುಗಳಿಗೆ ಯಂತ್ರದಿಂದ ಸಣ್ಣ ಕರೆಂಟ್ ಕೊಡಿ ಅಂತ ಕೇಳಿಕೊಂಡು ಬರುವವರೂ ಇದ್ದಾರೆ. ಅದರಿಂದ ಲಾಭ ಇದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ, ನಾನು ಕೊಡುವುದಿಲ್ಲ.

ಹಾಗಾದರೆ ಮಾಡುವುದೇನು? ಮೊದಲು ಕನ್ನಡಿ. ಕಣ್ಣು ಮುಚ್ಚಿಕೊಂಡು ಕೈ ಎತ್ತಿ, ಕೈ ಎಲ್ಲಿದೆ ಅಂತ ನಿಮಗೆ ಗೊತ್ತಾಗುತ್ತದೆ. ಕೈಯ ಸ್ನಾಯುವಿನೊಳಗೆ ಅದನ್ನು ಅಳೆದು ಹೇಳುವ ಸಣ್ಣ ಸಣ್ಣ ಅಂಗಗಳಿವೆ. ಮುಖದ ಸ್ನಾಯುಗಳಲ್ಲಿ ಅವು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಕನ್ನಡಿ ಇಲ್ಲದೆ ಮುಖಕ್ಕೆ ಅಭ್ಯಾಸ ಮಾಡುವುದು ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದಂತೆ. ಈ ಮಾತು ಅವರಿಗೆ ಥಟ್ಟನೆ ಅರ್ಥವಾಯ್ತು.

ನಾನು ಮಾಡಿಸಿದ್ದು ಇಷ್ಟು. ಕನ್ನಡಿಯ ಮಧ್ಯೆ ಕಾಡಿಗೆಯಲ್ಲಿ ಒಂದು ಉದ್ದ ಗೀಟು ಎಳೆದೆವು. ಮೂಗು ಆ ಗೀಟಿನ ಮೇಲೆ. ಎರಡು ನಿಮಿಷ ಎಡಗೆನ್ನೆಯನ್ನು ಒಳಗೆ ಹೆಬ್ಬೆರಳು, ಹೊರಗೆ ತೋರುಬೆರಳು ಇಟ್ಟು ಮೆಲ್ಲಗೆ ನೀವುವುದು. ಆಮೇಲೆ ಹಲ್ಲು ಕಾಣದಂತೆ ಸಣ್ಣ ನಗು. ಬಲಗಡೆ ಎಳೆದುಕೊಂಡು ಹೋಗದ ಹಾಗೆ ಆ ಕಡೆಯ ತುಟಿಯಂಚನ್ನು ಬೆರಳಿನಿಂದ ತಡೆಯುವುದು. ಎಡಗಣ್ಣು ಕಿರಿದಾಗಲು ಶುರುವಾದ ಕ್ಷಣ ನಿಲ್ಲಿಸಿ, ಅದಕ್ಕಿಂತ ಕಮ್ಮಿ ನಗುವುದು. ಐದು ಸಲ, ಅಷ್ಟೇ. ದಿನಕ್ಕೆ ಮೂರು ಬಾರಿ.

"ಇಷ್ಟೇನಾ?" ಅಂದರು. ಪಕ್ಕದಲ್ಲಿ ಕೂತಿದ್ದ ಗಂಡನ ಮುಖದಲ್ಲಿ ಫೀಸ್ ದಂಡ ಅನ್ನುವ ಭಾವ ಕಾಣುತ್ತಿತ್ತು. ಮಾಡಿ ನೋಡಿದಾಗ ಮೂರನೇ ಸಲಕ್ಕೇ ಹಣೆಯಲ್ಲಿ ಬೆವರು. ಸಣ್ಣದಾಗಿ ನಗುವುದು ಜೋರಾಗಿ ನಗುವುದಕ್ಕಿಂತ ಕಷ್ಟ.

ಕಾಯಿಲೆಯ ಮೊದಲ ವಾರಗಳ ಮಾತು ಬೇರೆ. ಆಗ ಮುಖ್ಯ ಕಣ್ಣು. ರೆಪ್ಪೆ ಮುಚ್ಚದಿದ್ದರೆ ಕಣ್ಣು ಒಣಗಿ ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ, ಗಾಯವಾಗಬಹುದು. ಡಾಕ್ಟರ್ ಹೇಳಿದ ಡ್ರಾಪ್ಸ್ ಹಾಕಿ, ಅವರು ತೋರಿಸಿದ ಹಾಗೆ ರಾತ್ರಿ ಟೇಪ್ ಹಚ್ಚಿ. ಆ ಹೊತ್ತಿನಲ್ಲಿ ವ್ಯಾಯಾಮದ ಚಿಂತೆ ಬೇಡ. ಇನ್ನೊಂದು ಮಾತು. ಬೆಲ್ಸ್ ಪಾಲ್ಸಿಯಲ್ಲಿ ಹಣೆಯ ಸುಕ್ಕೂ ಮಾಯವಾಗುತ್ತದೆ. ಸ್ಟ್ರೋಕ್‌ನಲ್ಲಿ ಸಾಮಾನ್ಯವಾಗಿ ಹಣೆ ಸುಕ್ಕುಗಟ್ಟುತ್ತದೆ, ಬಾಯಿ ಮಾತ್ರ ಸೊಟ್ಟಗಾಗುತ್ತದೆ. ಇದನ್ನು ಓದಿಕೊಂಡು ಮನೆಯಲ್ಲೇ ತೀರ್ಮಾನಿಸಬೇಡಿ. ಬಾಯಿ ಸೊಟ್ಟಗಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಈ ಊದುವ ಚಟ ಮಕ್ಕಳ ವಿಷಯದಲ್ಲೂ ಇದೆ. ಅದೇ ವಾರ ಒಂಬತ್ತು ವರ್ಷದ ಹುಡುಗನೊಬ್ಬ ಬಂದಿದ್ದ. ನುಂಗುವಾಗ ನಾಲಿಗೆ ಮುಂದಿನ ಹಲ್ಲುಗಳ ನಡುವೆ ತಳ್ಳುತ್ತಿತ್ತು, ಬಾಯಿ ಸದಾ ತೆರೆದೇ ಇರುತ್ತಿತ್ತು. ಅವನ ಅಮ್ಮ ಚೀಲದಿಂದ ಪೀಪಿ, ಸ್ಟ್ರಾ, ಸೋಪಿನ ಗುಳ್ಳೆ ಡಬ್ಬಿ ಎಲ್ಲ ತೆಗೆದು ಮೇಜಿನ ಮೇಲಿಟ್ಟರು. ಪುಟ್ಟ ಅಂಗಡಿಯೇ ಸರಿ! ನಾನು ಅದನ್ನೆಲ್ಲ ಪಕ್ಕಕ್ಕೆ ಸರಿಸಿ, ಮೊದಲು ಇಎನ್‌ಟಿ ಡಾಕ್ಟರ ಹತ್ತಿರ ಕಳಿಸಿದೆ. ಮೂಗು ಕಟ್ಟಿರುವ ಮಗುವಿಗೆ ಬಾಯಿ ಮುಚ್ಚು ಅನ್ನುವುದು ಅನ್ಯಾಯ ಅಲ್ವಾ? ಮೂಗಿನ ಹಿಂಭಾಗದಲ್ಲಿರುವ ಅಡಿನಾಯ್ಡ್ ದಪ್ಪ ಇತ್ತು. ಅದರ ಚಿಕಿತ್ಸೆ ಮುಗಿದ ಮೇಲೆ ನಾಲಿಗೆಯ ಪಾಠ.

ಕನ್ನಡದ ಮಕ್ಕಳಿಗೆ ಇದನ್ನು ಕಲಿಸುವುದು ಸುಲಭ. ನಮ್ಮ ವರ್ಣಮಾಲೆಯೇ ಬಾಯಿಯ ನಕ್ಷೆ. ಕ ಅನ್ನುವುದು ಹಿಂದೆ, ಪ ಅನ್ನುವುದು ತುಟಿಯಲ್ಲಿ. "ಲ ಅನ್ನು ಪುಟ್ಟಾ, ನಾಲಿಗೆ ತುದಿ ಎಲ್ಲಿ ತಾಗಿತು? ಹಲ್ಲಿನ ಹಿಂದೆ ಉಬ್ಬು ಇದೆಯಲ್ಲ, ಅದೇ ಅದರ ಮನೆ." ಆ ಮನೆಯಲ್ಲಿ ನಾಲಿಗೆ ಇಟ್ಟು, ತುಟಿ ಮುಚ್ಚಿ, ಒಂದು ಗುಟುಕು ನೀರು ನುಂಗುವುದು. ಹುಡುಗ ಎರಡು ವಾರದಲ್ಲಿ ಕಲಿತ. ಆದರೆ ನನ್ನ ಮುಂದೆ ನುಂಗುವುದು ಬೇರೆ, ಟಿವಿ ನೋಡುತ್ತಾ ಚಕ್ಕುಲಿ ತಿನ್ನುವಾಗ ನುಂಗುವುದು ಬೇರೆ. ಅದು ರೂಢಿಯಾಗಲು ತಿಂಗಳುಗಟ್ಟಲೆ ಬೇಕು. ಹಾಗೆಯೇ, ಪೀಪಿ ಊದಿದ ಮಾತ್ರಕ್ಕೆ ಯಾವ ಮಗುವಿಗೂ ರ ಬರುವುದಿಲ್ಲ. ರ ಬರಬೇಕಾದರೆ ರ ಅನ್ನೇ ಅಭ್ಯಾಸ ಮಾಡಬೇಕು.

ಬ್ಲೌಸ್ ಹೊಲಿಯುವವರು ಈಗಲೂ ತಿಂಗಳಿಗೊಮ್ಮೆ ಬರುತ್ತಾರೆ. ಕನ್ನಡಿಯನ್ನು ಹೊಲಿಗೆ ಯಂತ್ರದ ಪಕ್ಕದಲ್ಲೇ ತೂಗುಹಾಕಿಕೊಂಡಿದ್ದಾರೆ, ಬಾಬಿನ್ ಬದಲಾಯಿಸುವಾಗಲೆಲ್ಲ ಐದು ನಗು. ಕಣ್ಣು ಈಗಲೂ ಸ್ವಲ್ಪ ಕಿರಿದಾಗುತ್ತದೆ, ಮುಚ್ಚಿಕೊಳ್ಳುವುದಿಲ್ಲ. ಉಳಿದಿದ್ದಕ್ಕೆ, ಎಳೆದುಕೊಳ್ಳುವ ಸ್ನಾಯುವನ್ನು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ ಇದೆ ಅಂತ ಹೇಳಿದ್ದೇನೆ. ದೀಪಾವಳಿ ಬ್ಲೌಸ್‌ಗಳ ಕೆಲಸ ಮುಗಿಯಲಿ, ಆಮೇಲೆ ನೋಡೋಣ ಅಂದಿದ್ದಾರೆ.