ದುರ್ಬೀನು, ಚಾಳೀಸು ಮತ್ತು ತಗ್ಗು ಕನ್ನಡಿ: ನೋಟದ ಮಾತುಗಳು ಬಂದ ದಾರಿ

ಹುಬ್ಬಳ್ಳಿ-ಧಾರವಾಡದ ಹಳೇ ಮಂದಿಗೆ ಟೆಲಿಸ್ಕೋಪು ಅಂದರೆ ದುರ್ಬೀನು. ಓದುವ ಕನ್ನಡಕ ಅಂದರೆ ಚಾಳೀಸು. ಸಣ್ಣ ಅಕ್ಷರವನ್ನು ದೊಡ್ಡದು ಮಾಡಿ ತೋರಿಸುವ ಗಾಜು ಭೂತಗನ್ನಡಿ. ಅದೇ ಮನೆಯ ಹೈಸ್ಕೂಲ್ ಹುಡುಗಿ ಬಾಯಿಪಾಠ ಮಾಡುವುದು ಮಾತ್ರ ದೂರದರ್ಶಕ, ಪೀನ ಮಸೂರ, ನಿಮ್ನ ದರ್ಪಣ. ಒಂದೇ ಮನೆಯಲ್ಲಿ ಇಷ್ಟು ಅಂತರ ಯಾಕೆ ಬಂತು?

ಎಲ್ಲಕ್ಕಿಂತ ಹಳೇದು ಕನ್ನಡಿ. ತಮಿಳಿನಲ್ಲಿ ಇದೇ ಮಾತು ಕಣ್ಣಾಡಿ. ನಮ್ಮಲ್ಲಿ ಈ ಮಾತು ಹುಟ್ಟಿದಾಗ ಈಗಿನಂಥ ಗಾಜಿನ ಕನ್ನಡಿ ಇರಲೇ ಇಲ್ಲ, ಇದ್ದದ್ದು ಲೋಹದ್ದು. ತಾಮ್ರಕ್ಕೆ ತವರ ಬೆರೆಸಿ ಎರಕ ಹೊಯ್ದು, ಮುಖ ಕಾಣುವ ತನಕ ಉಜ್ಜುತ್ತಿದ್ದರು. ಕೇರಳದ ಆರನ್ಮುಳದಲ್ಲಿ ಈಗಲೂ ಹಾಗೇ ಮಾಡುತ್ತಾರೆ. ಲೋಹ ಅಂದಮೇಲೆ ಕಿಲುಬು ಹಿಡಿಯುತ್ತೆ, ಆಗಾಗ ಬೆಳಗಬೇಕು (ನಮ್ಮ ಕಡೆ ಪಾತ್ರೆ ಉಜ್ಜುವುದಕ್ಕೂ ಬೆಳಗೋದು ಅಂತಲೇ ಅಂತೀವಲ್ಲ). ಗದಗ ಪಕ್ಕದ ಲಕ್ಕುಂಡಿಯ ಗುಡಿಗಳಲ್ಲಿ ಕಂಬಗಳ ನುಣುಪು ನೋಡಿದವರಿಗೆ ಗೊತ್ತು, ಕಲ್ಯಾಣ ಚಾಲುಕ್ಯರ ಕಾಲದ ಕೈಗಳು ಕಲ್ಲನ್ನೂ ಹೊಳೆಯುವ ಹಾಗೆ ಮಾಡಿವೆ. ಮದುವೆ ಮನೆಯಲ್ಲಿ ಕಳಸದ ಜೊತೆ ಕನ್ನಡಿ ಇಡುವ ಪದ್ಧತಿ ಉಳಿದಿದೆ, ಕಳಸಗನ್ನಡಿ ಅನ್ನುವ ಮಾತೂ ಉಳಿದಿದೆ.

ನನಗೆ ತುಂಬಾ ಇಷ್ಟವಾಗುವ ಸಂಗತಿ ಇಲ್ಲಿದೆ. ಯುರೋಪಿನ ಕನ್ನಡಿ ದುರ್ಬೀನುಗಳೂ (ಅಂದರೆ ಮುಂದೆ ಮಸೂರದ ಬದಲು ಒಳಗೆ ಕನ್ನಡಿ ಇಟ್ಟು ಬೆಳಕು ಕೂಡಿಸುವಂಥವು) ಶುರುವಾದದ್ದು ಇಂಥದೇ ಲೋಹದಿಂದ. 1668ರಲ್ಲಿ ನ್ಯೂಟನ್ ಮಾಡಿದ ದುರ್ಬೀನಿನ ಕನ್ನಡಿಯಲ್ಲಿ ಮುಖ್ಯವಾಗಿ ಇದ್ದದ್ದು ತಾಮ್ರ ಮತ್ತು ತವರ. 1845ರಲ್ಲಿ ಐರ್ಲೆಂಡಿನಲ್ಲಿ ರಾಸ್ ಪ್ರಭು ನಿಲ್ಲಿಸಿದ ದೈತ್ಯ ದುರ್ಬೀನಿನ 72 ಇಂಚಿನ ಕನ್ನಡಿಯೂ ಅದೇ ಜಾತಿಯದು, ಮತ್ತು ಅದೂ ಬೇಗ ಮಸುಕಾಗುತ್ತಿತ್ತು, ಹಾಗಾಗಿ ಒಂದನ್ನು ಬೆಳಗುವಾಗ ಹಾಕೋಕೆ ಇನ್ನೊಂದು ಕನ್ನಡಿ ಇಟ್ಟುಕೊಂಡಿದ್ದರು. ಗಾಜಿಗೆ ತೆಳ್ಳಗೆ ಬೆಳ್ಳಿ ಬಳಿದು ದುರ್ಬೀನಿಗೆ ಹಾಕುವ ವಿದ್ಯೆ ಬಂದದ್ದು 1850ರ ದಶಕದಲ್ಲಿ. ಆಮೇಲೆ ಲೋಹದ ಕನ್ನಡಿಗಳು ನಿಧಾನಕ್ಕೆ ಮೂಲೆ ಸೇರಿದವು.

ದುರ್ಬೀನು ಪಾರಸಿ ಮಾತು. ದೂರ್ ಅಂದರೆ ದೂರ, ಬೀನ್ ಅಂದರೆ ನೋಡುವಂಥದ್ದು. ಬಿಜಾಪುರದ ಆದಿಲ್‌ಶಾಹಿ, ಸವಣೂರಿನ ನವಾಬರು, ಆಮೇಲೆ ಪೇಶ್ವೆಗಳು, ಹೀಗೆ ಆಳಿದವರ ಪಾರಸಿ-ಮರಾಠಿ ನಮ್ಮ ಕಚೇರಿಗೂ ಸಂತೆಗೂ ಇಳಿಯಿತು. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದು ಇಂಗ್ಲಿಷರು ಬಂದರು, ಧಾರವಾಡ ಮುಂಬೈ ಸರ್ಕಾರದ ಕೆಳಗೆ ಹೋಯಿತು, ಆದರೂ ಮರಾಠಿಯ ಜೋರು ಕಡಿಮೆಯಾಗಲಿಲ್ಲ. ಚಾಳೀಸು ಬಂದದ್ದೂ ಆ ಕಡೆಯಿಂದಲೇ. ಚಾಳೀಸ್ ಅಂದರೆ ನಲವತ್ತು. ಆ ವಯಸ್ಸಿಗೆ ಕಣ್ಣೊಳಗಿನ ಮಸೂರ ಬಿರುಸಾಗಿ ಹತ್ತಿರದ ಅಕ್ಷರ ಕಾಣೋದು ಕಷ್ಟವಾಗುತ್ತೆ. ಯಾಕೆ ಬೇಕು, ಯಾವಾಗ ಬೇಕು ಎರಡನ್ನೂ ಹೆಸರೇ ಹೇಳಿಬಿಡುತ್ತೆ, ಅಲ್ವಾ?

ಇನ್ನು ಪಠ್ಯದ ಮಾತುಗಳು. ಶಾಲೆಗಳಲ್ಲಿ ಕನ್ನಡಕ್ಕೆ ಜಾಗ ಸಿಗಲಿ ಅಂತ ಹತ್ತೊಂಬತ್ತನೇ ಶತಮಾನದಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದ ಡೆಪ್ಯೂಟಿ ಚನ್ನಬಸಪ್ಪನವರಂಥವರು ದುಡಿದರು, 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು, 1956ರಲ್ಲಿ ಕನ್ನಡ ನಾಡು ಒಂದಾಯಿತು. ವಿಜ್ಞಾನವನ್ನು ಕನ್ನಡದಲ್ಲಿ ಕಲಿಸಲು ಮಾತು ಬೇಕಿದ್ದಾಗ ಹೆಚ್ಚಾಗಿ ಸಂಸ್ಕೃತದ ಕಡೆಗೇ ಕೈ ಹೋಯಿತು. ಎಲ್ಲವೂ ಕೆಟ್ಟ ಆಯ್ಕೆ ಅಂತ ನಾನು ಹೇಳಲ್ಲ. ಮಸೂರ ಚೆಂದದ ಮಾತು. ಲ್ಯಾಟಿನ್ನಿನಲ್ಲೂ ಲೆನ್ಸ್ ಅಂದರೆ ಮಸೂರ ಬೇಳೆಯೇ, ಆಕಾರ ಹಾಗೇ ಇದೆ. ಆದರೆ ದೂರದರ್ಶಕ ಅಂದಕೂಡಲೇ ಮಕ್ಕಳ ತಲೆಗೆ ಟೀವಿಯ ದೂರದರ್ಶನ ಬರುತ್ತೆ. ದುರ್ಬೀನಿಗೂ ಅದೇ ಅರ್ಥ, ಗೊಂದಲ ಮಾತ್ರ ಇಲ್ಲ.

ಪೀನ, ನಿಮ್ನದ ವಿಷಯದಲ್ಲಿ ನನ್ನ ತಕರಾರು ಜಾಸ್ತಿ. ಪೀನ ಅಂದರೆ ಉಬ್ಬು, ನಿಮ್ನ ಅಂದರೆ ತಗ್ಗು. ಯಾವುದು ಉಬ್ಬು, ಯಾವುದು ತಗ್ಗು ಅನ್ನೋದು ಆ ಮಾತುಗಳಿಂದ ಮಕ್ಕಳಿಗೆ ತಿಳಿಯಲ್ಲ, ಸುಮ್ನೆ ನೆನಪಿಟ್ಟುಕೊಳ್ಳಬೇಕು. ನಮ್ಮ ಕಡೆ ರಸ್ತೆಯ ಗುಂಡಿಗೂ ತಗ್ಗು ಅಂತಾರೆ, ಪ್ರತಿ ಮಗುವಿಗೂ ಗೊತ್ತಿರುವ ಮಾತು. ಪರೀಕ್ಷೆಗೆ ನಿಮ್ನ ದರ್ಪಣ ಬೇಕೇ ಬೇಕು, ಒಪ್ಪಿದೆ. ಆದರೆ ಮೊದಲ ಪಾಠಕ್ಕೆ ಒಂದು ಸ್ಟೀಲ್ ಚಮಚ ಸಾಕು. ಒಳಮೈ ತಗ್ಗು ಕನ್ನಡಿ, ಮುಖ ತಲೆಕೆಳಗಾಗಿ ಕಾಣುತ್ತೆ. ಹಿಂದೆ ತಿರುಗಿಸಿದರೆ ಉಬ್ಬು ಕನ್ನಡಿ, ಮುಖ ನೆಟ್ಟಗೆ, ಆದರೆ ಸಣ್ಣದಾಗಿ. ಇದನ್ನು ಮಕ್ಕಳು ಕಣ್ಣಾರೆ ನೋಡಿದ ಮೇಲೆ ಪುಸ್ತಕದ ಹೆಸರು ಹೇಳಿಕೊಡಲಿ.